ಎರಡು ಹೊಳೆ, ಒಂದು ತೆಪ್ಪ

ರಾಯಚೂರು ಜಿಲ್ಲೆಯ ನಕ್ಷೆ ತೆಗೆದು ನೋಡಿ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗದವರು ಕೃಷ್ಣೆಯ ಕಡೆಯವರು, ಮಾನ್ವಿಯವರು ತುಂಗಭದ್ರೆಯ ಕಡೆಯವರು. ರಾಯಚೂರು ನಗರದ ರೂಮುಗಳಲ್ಲಿ ಇರುವ ನಾವು ಎರಡರ ನಡುವೆ ಕುಳಿತು ಬಕೆಟ್ ಹಿಡಿದು ನಲ್ಲಿ ನೀರಿಗೆ ಕಾಯುವವರು. ಈ ನೆಲಕ್ಕಾಗಿ ವಿಜಯನಗರದವರು, ಬಹಮನಿಯವರು, ಆದಿಲ್‌ಶಾಹಿಗಳು ನೂರಾರು ವರ್ಷ ಹೊಡೆದಾಡಿದರು. ಎರಡು ನದಿಗಳ ನಡುವಿನ ಈ ನಾಡಿಗೆ ‘ರಾಯಚೂರು ದೋಆಬ್’ ಎಂಬ ಹೆಸರೇ ಬಂತು. ಇಷ್ಟಿದ್ದೂ ನಮ್ಮ ಕಾಲೇಜಿನಲ್ಲಿ ಕ್ರಿಕೆಟ್ ಟೀಂ ಇದೆ, ವಾಲಿಬಾಲ್ ಟೀಂ ಇದೆ, ಕೇರಂ ಬೋರ್ಡ್ ಇದೆ. ದೋಣಿ ಎಂಬ ಪದ ಮಾತ್ರ ಫಸ್ಟ್ ಪಿಯುಸಿ ಫಿಸಿಕ್ಸ್ ಲೆಕ್ಕದಲ್ಲಿ ಬಂದುಹೋದದ್ದೇ ಕೊನೆ.

ಆ ಲೆಕ್ಕ ನೆನಪಿದೆಯಾ? ನದಿ ಇಷ್ಟು ಅಗಲ, ನೀರಿನ ವೇಗ ಇಷ್ಟು, ದೋಣಿಯ ವೇಗ ಇಷ್ಟು. ಎದುರು ದಂಡೆಗೆ ಎಷ್ಟು ಹೊತ್ತಿಗೆ, ಎಷ್ಟು ಕೆಳಗೆ ತಲುಪುತ್ತದೆ? ಎರಡು ಅಂಕದ ಪ್ರಶ್ನೆ. ನಾನು ಅದನ್ನು ಹತ್ತಾರು ಸಲ ಬಿಡಿಸಿದ್ದೇನೆ. ಉತ್ತರ ಗೊತ್ತಿರುವ ಒಬ್ಬ ಮನುಷ್ಯನನ್ನು ನೋಡಿದ್ದು ಮಾತ್ರ ಬಿಇ ಮೂರನೇ ವರ್ಷಕ್ಕೆ ಬಂದ ಮೇಲೆ. ಅವರು ನನ್ನ ಸಹಪಾಠಿಯ ತಾತ. ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆ ದಂಡೆಯ ಊರು. ವಯಸ್ಸು ಕೇಳಿದರೆ ‘ಎಪ್ಪತ್ತರ ಮ್ಯಾಗ ಎಣಿಸೂದು ಬಿಟ್ಟೀನಿ’ ಎನ್ನುತ್ತಾರೆ. ಮೀನು ಹಿಡಿದು, ಮಂದಿಯನ್ನು ದಾಟಿಸಿ ಬದುಕಿದವರು. ಶಾಲೆಯ ಮೆಟ್ಟಿಲು ಹತ್ತಿಲ್ಲ.

ಅವರು ಹೊಳೆ ದಾಟುವ ಮೊದಲು ತೆಪ್ಪವನ್ನು ನೀರಿಗೆ ಬಿಡುವುದಿಲ್ಲ. ತಲೆ ಮೇಲೆ ಕವುಚಿ ಹಾಕಿಕೊಂಡು, ದೊಡ್ಡದಾದರೆ ನಾಲ್ಕು ಮಂದಿ ಹಿಡಿದು, ದಂಡೆಗುಂಟ ಮೇಲಕ್ಕೆ ನಡೆಯುತ್ತಾರೆ. ಯಾವ ದಿನ ಎಷ್ಟು ದೂರ ನಡೆಯಬೇಕು ಎಂಬುದು ನೀರಿನ ಬಣ್ಣ ನೋಡಿ ತೀರ್ಮಾನ. ನೀರು ತಿಳಿಯಾಗಿದ್ದರೆ ಬೇವಿನ ಮರದ ತನಕ, ಕೆಂಪಾಗಿದ್ದರೆ ಅದರಾಚೆ ಬಂಡೆಯ ತನಕ. ನಾನು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಹೊಳೆ 300 ಮೀಟರ್ ಅಗಲ, ತೆಪ್ಪದ ವೇಗ ಸೆಕೆಂಡಿಗೆ ಅರ್ಧ ಮೀಟರ್, ನೀರಿನ ವೇಗ ಸೆಕೆಂಡಿಗೆ ಒಂದು ಮೀಟರ್ ಎಂದಿಟ್ಟುಕೊಂಡರೆ ದಾಟಲು 600 ಸೆಕೆಂಡ್ ಬೇಕು. ಅಷ್ಟರಲ್ಲಿ ನೀರು ತೆಪ್ಪವನ್ನು 600 ಮೀಟರ್ ಕೆಳಗೆ ಎಳೆದಿರುತ್ತದೆ. ಅಂದರೆ ಎದುರಿನ ಕಡವಿಗೆ ಸರಿಯಾಗಿ ಮುಟ್ಟಬೇಕಾದರೆ 600 ಮೀಟರ್ ಮೇಲಿನಿಂದ ಹೊರಡಬೇಕು. ತಾತನಿಗೆ ತೋರಿಸಿದೆ. ಅವರು ಪುಸ್ತಕ ನೋಡಲಿಲ್ಲ, ಬಂಡೆಯ ಕಡೆ ನೋಡಿದರು. ‘ಹಂಗಾರ ಬಂಡಿ ತನಕ ಅಂತ ಹೇಳು’ ಎಂದರು.

ನಮ್ಮದು ಆರು ಮಂದಿಯ ಗುಂಪು. ಮೂವರು ದೇವದುರ್ಗ ತಾಲ್ಲೂಕಿನವರು, ಇಬ್ಬರು ಮಾನ್ವಿಯವರು, ಒಬ್ಬ ರಾಯಚೂರು ನಗರದವನು. ಅದರಲ್ಲಿ ನಾವು ಇಬ್ಬರು ಹುಡುಗಿಯರು. ಗುಂಪಿಗೆ ಹೆಸರಿಲ್ಲ, ಬ್ಯಾನರ್ ಇಲ್ಲ, ನೋಂದಣಿ ಇಲ್ಲ. ಭಾನುವಾರ ಬೆಳಿಗ್ಗೆ ಬಸ್ಸಿಗೆ ಹೋಗಿ ತಾತನ ಹತ್ತಿರ ಹುಟ್ಟು ಹಾಕುವುದು ಕಲಿತು, ಮಧ್ಯಾಹ್ನ ಅವರ ಮನೆಯ ಜೋಳದ ರೊಟ್ಟಿ, ಪುಂಡಿಪಲ್ಲೆ ಉಂಡು ಸಂಜೆ ವಾಪಸ್ ಬರುವುದು. ಅಷ್ಟನ್ನೇ ನಾವು ‘ಕ್ಲಬ್’ ಎನ್ನುತ್ತೇವೆ. ಮನೆಯಲ್ಲಿ ‘ಪ್ರಾಜೆಕ್ಟ್ ವರ್ಕ್’ ಎಂದು ಹೇಳಿಕೊಂಡವರೂ ನಮ್ಮಲ್ಲಿದ್ದಾರೆ. ನಾನು ಅವ್ವನಿಗೆ ನಿಜವನ್ನೇ ಹೇಳಿದೆ. ಆಕೆಯ ಮೊದಲ ಪ್ರಶ್ನೆ, ‘ಮೊಸಳಿ ಅದಾವಲ್ಲ?’

ಇವೆ. ಸುಳ್ಳು ಹೇಳಿ ಪ್ರಯೋಜನವಿಲ್ಲ. ಕೃಷ್ಣೆಯ ಈ ಭಾಗದಲ್ಲಿ ಮೊಸಳೆಗಳಿರುವುದು ದಂಡೆಯ ಊರುಗಳ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ನೀರು ಇಳಿದು ಮಡುಗಳಷ್ಟೇ ಉಳಿದಾಗ ಬಟ್ಟೆ ಒಗೆಯುವವರು, ದನ ಮೈತೊಳೆಯುವವರು ಜೀವ ಕೈಯಲ್ಲಿ ಹಿಡಿದೇ ಇಳಿಯುತ್ತಾರೆ. ತಾತನ ಪ್ರಕಾರ ಮಡುವಿನ ಅಂಚಿನಲ್ಲಿ ಒಬ್ಬರೇ ಬಗ್ಗಿ ಕೂರುವುದು ಹೊಳೆ ನಡುವೆ ತೆಪ್ಪದಲ್ಲಿ ಇರುವುದಕ್ಕಿಂತ ಅಪಾಯ. ಅವ್ವನಿಗೆ ಇದು ಸಮಾಧಾನ ಕೊಡಲಿಲ್ಲ. ಕೊಡುವಂಥದ್ದೂ ಅಲ್ಲ.

ಇನ್ನು ತೆಪ್ಪದ ವಿಷಯ. ಪುಸ್ತಕದಲ್ಲಿ ಇದಕ್ಕೆ ಹರಿಗೋಲು ಎನ್ನುತ್ತಾರೆ, ನಮ್ಮ ಕಡೆ ಬಾಯಲ್ಲಿ ತೆಪ್ಪ, ಹೊಳೆಯ ಆಚೆ ತೆಲಂಗಾಣದವರು ಪುಟ್ಟಿ ಎನ್ನುತ್ತಾರೆ. ನಮ್ಮಲ್ಲಿ ಪುಟ್ಟಿ ಎಂದರೆ ಬುಟ್ಟಿ. ತಪ್ಪೇನಿಲ್ಲ, ಅದು ದೊಡ್ಡ ಬುಟ್ಟಿಯೇ. ಬಿದಿರನ್ನು ಸೀಳಿ ದಬ್ಬೆ ಮಾಡಿ, ನೆಲದ ಮೇಲೆ ಚೌಕಳಿಯಾಗಿ ಹೆಣೆದು, ನಡುವೆ ಭಾರ ಇಟ್ಟು, ಅಂಚುಗಳನ್ನು ಮೇಲಕ್ಕೆ ಬಗ್ಗಿಸಿ ಸುತ್ತ ದಪ್ಪ ಬಳೆಯಂತೆ ಕಟ್ಟುತ್ತಾರೆ. ಹಿಂದೆ ಹೊರಗಡೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ, ಅದರ ಮೇಲೆ ಕಾಸಿದ ಡಾಂಬರು. ಮೀನುಗಾರಿಕೆ ಇಲಾಖೆ ಕೊಡುವ ಫೈಬರ್ ಹರಿಗೋಲುಗಳೂ ಬಂದಿವೆ. ಅವು ಸೋರುವುದಿಲ್ಲ, ಆದರೆ ಒಡೆದರೆ ಊರಲ್ಲಿ ರಿಪೇರಿ ಮಾಡುವವರಿಲ್ಲ. ಬಿದಿರಿನದ್ದು ಹರಿದರೆ ತಾತ ಒಂದು ತುಂಡು ಚೀಲ, ಒಂದು ಮಗ್ಗು ಡಾಂಬರಿನಲ್ಲಿ ಮಧ್ಯಾಹ್ನದೊಳಗೆ ಮುಗಿಸುತ್ತಾರೆ.

ಕ್ರಿ.ಶ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನೇ ನೋಡಿ ಬರೆದಿಟ್ಟಿದ್ದಾನೆ. ಆನೆಗೊಂದಿಗೆ ದಾಟುವ ಬುಟ್ಟಿಯಂಥ ದುಂಡು ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಮಂದಿ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು, ಆದರೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತದೆ ಎಂದು. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪಾಯೆಸ್‌ನ ಈ ಬರಹ ಇಂಗ್ಲಿಷಿನಲ್ಲಿ ಸಿಗುತ್ತದೆ. ಅದೇ 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರಿನ ಯುದ್ಧ ನಡೆಯಿತು. ಕೃಷ್ಣೆ ದಾಟಿ ಈಚೆ ಬಂದ ಬಿಜಾಪುರದ ಸೈನ್ಯ ಸೋತು ಓಡುವಾಗ ಅದೇ ಹೊಳೆಯಲ್ಲಿ ಮುಳುಗಿ ಸತ್ತವರು ಬಹಳ. ನಮ್ಮ ಇತಿಹಾಸದ ಪಾಠದಲ್ಲಿ ಆನೆ, ಕುದುರೆ, ಫಿರಂಗಿಗಳ ಲೆಕ್ಕ ಇದೆ. ಹೊಳೆಯ ಲೆಕ್ಕ ಯಾರೂ ಹೇಳಿಕೊಡಲಿಲ್ಲ.

ಇನ್ನೂ ಹಳೆಯದು ಬೇಕೆಂದರೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಇದ್ದಾನೆ, ಕ್ರಿಸ್ತಪೂರ್ವ ಐದನೇ ಶತಮಾನದವನು. ಬ್ಯಾಬಿಲೋನಿಗೆ ಬರುವ ದುಂಡನೆಯ ಚರ್ಮದ ದೋಣಿಗಳ ಬಗ್ಗೆ ಅವನು ಹೇಳುವ ಸಂಗತಿ ನನಗೆ ಬಹಳ ಇಷ್ಟ. ಪ್ರತಿ ದೋಣಿಯಲ್ಲೂ ಸರಕಿನ ಜೊತೆ ಒಂದು ಕತ್ತೆ ಇರುತ್ತಿತ್ತಂತೆ. ಊರು ಮುಟ್ಟಿ ಸರಕು ಮಾರಿದ ಮೇಲೆ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನಡೆದೇ ವಾಪಸ್ಸು. ಯಾಕೆಂದರೆ ನದಿಯ ಸೆಳೆತದ ಎದುರು ಆ ದೋಣಿ ಹೋಗಲಾರದು. ನಮ್ಮ ತಾತ ಬೇವಿನ ಮರದ ತನಕ ತೆಪ್ಪ ಹೊತ್ತು ನಡೆಯುವುದೂ, ಆ ವ್ಯಾಪಾರಿ ಕತ್ತೆ ತಂದದ್ದೂ ಒಂದೇ ಕಾರಣಕ್ಕೆ. ಇರಾಕಿನಲ್ಲಿ ಡಾಂಬರು ಬಳಿದ ಇಂಥದೇ ದುಂಡು ದೋಣಿ, ಗುಫ್ಫಾ, ಕಳೆದ ಶತಮಾನದವರೆಗೂ ಬಳಕೆಯಲ್ಲಿತ್ತು.

ಹುಟ್ಟು ಹಾಕುವುದು ನೋಡಿದಷ್ಟು ಸುಲಭವಲ್ಲ. ಬೇರೆ ದೋಣಿಗೆ ಮುಂದು ಹಿಂದು ಇರುತ್ತದೆ, ಅಡಿಯಲ್ಲಿ ನೀರು ಸೀಳುವ ಏಣು ಇರುತ್ತದೆ. ತೆಪ್ಪಕ್ಕೆ ಎರಡೂ ಇಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದಿರೋ, ತೆಪ್ಪ ಮುಂದೆ ಹೋಗುವ ಬದಲು ಬುಗುರಿಯಂತೆ ತಿರುಗುತ್ತದೆ. ನಾವೆಲ್ಲರೂ ಮೊದಲ ಭಾನುವಾರ ತಿರುಗಿದ್ದೇ ತಿರುಗಿದ್ದು, ದಂಡೆಯ ಮೇಲಿನ ಮಕ್ಕಳಿಗೆ ಜಾತ್ರೆ. ಹೋಗುವ ದಿಕ್ಕಿಗೆ ಮುಖ ಮಾಡಿ, ಅಂಚಿಗೆ ಬಂದು, ಹುಟ್ಟನ್ನು ಮುಂದಕ್ಕೆ ಚಾಚಿ, ಇಂಗ್ಲಿಷಿನ ಎಂಟರ ಅಂಕಿ ಬರೆಯುವ ಹಾಗೆ ಎಡಕ್ಕೂ ಬಲಕ್ಕೂ ಆಡಿಸಿ ಎಳೆಯಬೇಕು. ‘ನೀರು ಹೊಡಿಬ್ಯಾಡವ್ವಾ, ನೀರನ್ನ ನಿನ್ನ ಕಡಿಗಿ ಎಳ್ಕೋ’ ಎಂದು ತಾತ ಒಂದೇ ಮಾತನ್ನು ಮೂರು ವಾರ ಹೇಳಿದರು. ನಾಲ್ಕನೇ ವಾರ ತೆಪ್ಪ ನನ್ನ ಮಾತು ಕೇಳಿ ಇಪ್ಪತ್ತು ಮಾರು ನೆಟ್ಟಗೆ ಹೋಯಿತು. ಅವತ್ತಿನ ಭುಜದ ನೋವು ಬುಧವಾರದ ಲ್ಯಾಬ್ ತನಕ ಇತ್ತು.

ಇಲ್ಲಿಯವರೆಗೆ ಎಲ್ಲವೂ ಖುಷಿಯ ಮಾತು. ಒಂದು ದಿನ ಕ್ಯಾಂಟೀನಿನಲ್ಲಿ ನಾನು ಈ ಕ್ಲಬ್ಬಿನ ಕನಸನ್ನು ದೊಡ್ಡದಾಗಿ ಹೇಳುತ್ತಿದ್ದೆ. ತೆಪ್ಪದ ರೇಸ್, ಟೀಶರ್ಟ್, ಪ್ರವಾಸಿಗರು, ಇನ್‌ಸ್ಟಾಗ್ರಾಂ ಪೇಜ್. ಪಕ್ಕದ ಬೆಂಚಿನಲ್ಲಿದ್ದ ಜೂನಿಯರ್ ಒಬ್ಬಳು ಸುಮ್ಮನೆ ಕೇಳಿಸಿಕೊಂಡು, ಎದ್ದು ಹೋಗುವಾಗ ಹೇಳಿದಳು: ‘ಅಕ್ಕಾ, ನಿಮಗದು ಆಟ. ನಮಗ ಅದು ಬಿಟ್ರ ಬ್ಯಾರೆ ಗತಿ ಇಲ್ಲ.’

ಅವಳು ನಡುಗಡ್ಡೆಯ ಹುಡುಗಿ. ರಾಯಚೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುವೆ ಕುರ್ವಕಲಾ, ಕುರ್ವಕುರ್ದಾ, ಅಗ್ರಹಾರ ಎಂಬ ಊರುಗಳಿವೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಕರಕಲಗಡ್ಡಿ, ಯರಗೋಡಿಯಂಥ ಗಡ್ಡೆಗಳಿವೆ. ಕುರ್ವಪುರದ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರಕ್ಕೆ ದೂರದಿಂದ ಬರುವ ಭಕ್ತರು ತೆಪ್ಪದ ಸವಾರಿಯನ್ನು ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಅಲ್ಲೇ ಹುಟ್ಟಿದವರಿಗೆ ಅದು ಸವಾರಿಯಲ್ಲ. ರೇಷನ್ ತರಲು ತೆಪ್ಪ, ಹೆರಿಗೆಗೆ ತೆಪ್ಪ, ಪರೀಕ್ಷೆಗೆ ತೆಪ್ಪ. 2020ರ ಆಗಸ್ಟ್‌ನಲ್ಲಿ ಕುರ್ವಕಲಾದಿಂದ ಆಚೆ ದಂಡೆಯ ಪಂಚದೇವ ಪಹಾಡಕ್ಕೆ ಸಂತೆ ಸಾಮಾನು ತರಲು ಹೊರಟ ತೆಪ್ಪ ತುಂಬಿದ ಹೊಳೆಯಲ್ಲಿ ಮಗುಚಿತು. ಹದಿಮೂರು ಮಂದಿ ಇದ್ದರು. ನಾಲ್ವರು ನೀರುಪಾಲಾದರು. ನಡುಗಡ್ಡೆಗೆ ಸೇತುವೆಯ ಕೆಲಸ ವರ್ಷಗಟ್ಟಲೆ ನಿಂತ ಕತೆಯನ್ನು ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಿಲ್ಲ.

ಅವಳ ಮಾತು ನನ್ನನ್ನು ಎರಡು ವಾರ ಬಿಡಲಿಲ್ಲ. ಹದಿಮೂರು ಎಂಬ ಸಂಖ್ಯೆಯೂ ಬಿಡಲಿಲ್ಲ. ನಾನು ಸಿವಿಲ್ ಎಂಜಿನಿಯರಿಂಗ್ ಓದುವವಳು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ‘ಮೆಟಾಸೆಂಟರ್’ ಎಂಬ ಪಾಠವನ್ನು ಉರುಹೊಡೆದು ಪಾಸಾದದ್ದು ನೆನಪಾಯಿತು. ತೇಲುವ ವಸ್ತು ಓರೆಯಾದರೆ ಮತ್ತೆ ನೆಟ್ಟಗಾಗುತ್ತದೋ ಮಗುಚುತ್ತದೋ ಎಂದು ಹೇಳುವ ಪಾಠ ಅದು. ಪುಸ್ತಕದಲ್ಲಿ ಯಾವಾಗಲೂ ಹಡಗಿನ ಚಿತ್ರ. ನಾನು ತೆಪ್ಪ ಇಟ್ಟು ಲೆಕ್ಕ ಮಾಡಿದೆ. ಸ್ವಲ್ಪ ತಾಳ್ಮೆಯಿಂದ ಓದಿ.

ತೆಪ್ಪದ ಅಡ್ಡಳತೆ ಎರಡೂವರೆ ಮೀಟರ್, ಅಂಚಿನ ಎತ್ತರ 60 ಸೆಂಟಿಮೀಟರ್, ತೂಕ 100 ಕಿಲೊ ಎಂದಿಟ್ಟುಕೊಳ್ಳೋಣ. ತಳ ಚಪ್ಪಟೆ ಎಂದರೆ ಅದರ ಕ್ಷೇತ್ರಫಲ ಸುಮಾರು 4.9 ಚದರ ಮೀಟರ್. ಅಂದರೆ 10 ಸೆಂಟಿಮೀಟರ್ ಮುಳುಗಿದರೆ 490 ಕಿಲೊ ಭಾರ ಹೊರುತ್ತದೆ. ತಲಾ 60 ಕಿಲೊದ ಹತ್ತು ಜನ ಕುಳಿತರೆ ಒಟ್ಟು 700 ಕಿಲೊ. ತೆಪ್ಪ 14 ಸೆಂಟಿಮೀಟರ್ ಇಳಿಯುತ್ತದೆ. ಹದಿನೈದು ಜನ ಕುಳಿತರೆ ಸಾವಿರ ಕಿಲೊ. 20 ಸೆಂಟಿಮೀಟರ್ ಇಳಿಯುತ್ತದೆ. ನೋಡಿದವರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಆರು ಸೆಂಟಿಮೀಟರ್ ಅಷ್ಟೇ ಅಲ್ಲವೇ? ಇನ್ನೂ 40 ಸೆಂಟಿಮೀಟರ್ ಅಂಚು ನೀರಿನ ಮೇಲಿದೆ. ‘ಇನ್ನೊಬ್ರು ಹತ್ರೀ, ಏನಾಗಂಗಿಲ್ಲ’ ಎನ್ನುವುದು ಇಲ್ಲೇ.

ಈಗ ಒಂದು ಅಲೆ ಬಡಿಯಿತು, ಅಥವಾ ಯಾರೋ ಹಾವು ಎಂದು ಕೂಗಿದರು. ಎಲ್ಲರೂ ಹೆದರಿ ಒಂದೇ ಕಡೆಗೆ ಸರಿದರು, ಸರಾಸರಿ 80 ಸೆಂಟಿಮೀಟರ್. ಹತ್ತು ಜನರಿದ್ದರೆ ಆ ಕಡೆಯ ಅಂಚು ಸುಮಾರು 36 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಮೊದಲೇ ಮುಳುಗಿದ 14 ಸೇರಿ 50. ನೀರಿಗೂ ಅಂಚಿಗೂ ನಡುವೆ 10 ಸೆಂಟಿಮೀಟರ್ ಉಳಿಯಿತು, ಜೀವ ಉಳಿಯಬಹುದು. ಹದಿನೈದು ಜನರಿದ್ದರೆ? ಭಾರ ಹೆಚ್ಚಾದ ಹಾಗೆ ತೆಪ್ಪ ನೆಟ್ಟಗಾಗುವ ಶಕ್ತಿಯೂ ಕಡಿಮೆಯಾಗುತ್ತದೆ. ಅಂಚು 57 ಸೆಂಟಿಮೀಟರ್ ಇಳಿಯಬೇಕು, ಆದರೆ ಇರುವುದು 40. ನೀರು ಒಳಗೆ ಬಂತು. ಇದು ಎಲ್ಲರೂ ತಳದಲ್ಲಿ ಕೂತಿದ್ದಾಗಿನ ಲೆಕ್ಕ. ನಿಂತಿದ್ದರೆ ಇನ್ನೂ ಕೆಟ್ಟದ್ದು. ಇಷ್ಟು ಓರೆಯಾದಾಗ ಎದುರು ಬದಿಯ ತಳ ನೀರು ಬಿಟ್ಟು ಮೇಲೇಳುತ್ತದೆ, ಆಗ ನನ್ನ ಸೂತ್ರವೇ ಕೈಕೊಡುತ್ತದೆ. ನಿಜವಾದ ಫಲ ಇದಕ್ಕಿಂತ ಭೀಕರ. ಹತ್ತಕ್ಕೂ ಹದಿನೈದಕ್ಕೂ ನಡುವಿನ ಆ ಐದು ಜನ ಕಣ್ಣಿಗೆ ಆರು ಸೆಂಟಿಮೀಟರ್, ಲೆಕ್ಕದಲ್ಲಿ ಸಾವು ಬದುಕು.

ಈ ಹಾಳೆಯನ್ನು ಆ ಜೂನಿಯರ್‌ಗೆ ತೋರಿಸಿದೆ. ಓದಿ, ‘ಇದನ್ನ ನಮ್ಮ ಕಡವಿನ್ಯಾಗ ಬೋರ್ಡ್ ಬರಸ್ರಿ’ ಎಂದಳು. ನಗಲಿಲ್ಲ, ಬೈಯಲಿಲ್ಲ. ಆಮೇಲೆ ಕೇಳಿದಳು, ‘ನಿಮ್ಮ ಕ್ಲಬ್ಬಿನ್ಯಾಗ ಲೈಫ್ ಜಾಕೆಟ್ ಎಷ್ಟದಾವ?’ ಆಗ ಒಂದೂ ಇರಲಿಲ್ಲ. ಈಗ ನಾಲ್ಕಿವೆ. ಹಾಗಾಗಿ ಒಂದು ಸಲಕ್ಕೆ ತೆಪ್ಪ ಹತ್ತುವವರೂ ನಾಲ್ಕೇ ಮಂದಿ. ತಾತ ಐದನೆಯವರು. ಅವರು ಜಾಕೆಟ್ ಹಾಕುವುದಿಲ್ಲ. ಎಷ್ಟು ಹೇಳಿದರೂ ಹಾಕುವುದಿಲ್ಲ.

ಸೇತುವೆ ಮೊದಲೋ ಕ್ಲಬ್ ಮೊದಲೋ ಎಂದರೆ ನನ್ನ ಉತ್ತರದಲ್ಲಿ ಈಗ ಅನುಮಾನವಿಲ್ಲ, ಸೇತುವೆ ಮೊದಲು. ಆದರೆ ಸೇತುವೆ ಬಂದ ಊರುಗಳ ಕತೆಯನ್ನೂ ನೋಡಬೇಕು. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಕಲಬುರಗಿ, ಯಾದಗಿರಿ ಕಡೆಗೆ ಹೋಗುವ ದಾರಿ. ನಾರಾಯಣಪುರ ಜಲಾಶಯದಿಂದ ಎರಡು ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ಟರೆ ಅದು ಮುಳುಗುವ ಆತಂಕ ಶುರು. ಕ್ಯೂಸೆಕ್ ಎಂಬ ಪದವನ್ನು ಮಳೆಗಾಲದಲ್ಲಿ ದಿನಾ ಓದುತ್ತೇವೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಎರಡು ಲಕ್ಷವೆಂದರೆ ಸೆಕೆಂಡಿಗೆ 56 ಲಕ್ಷ ಲೀಟರಿಗೂ ಹೆಚ್ಚು. 2019ರ ಆಗಸ್ಟ್‌ನಲ್ಲಿ ಅದರ ಮೂರು ಪಟ್ಟು ಬಂತು. ಆ ಪ್ರವಾಹದಲ್ಲೇ ಹಿರೇರಾಯನಕುಂಪಿಯ ಹುಡುಗನೊಬ್ಬ ಮುಳುಗಿದ ಸೇತುವೆಯ ಮೇಲೆ ಎದೆಮಟ್ಟದ ನೀರಿನಲ್ಲಿ ಮುಂದೆ ಮುಂದೆ ಓಡಿ ಆಂಬುಲೆನ್ಸ್‌ಗೆ ದಾರಿ ತೋರಿಸಿದ್ದು, ದೇಶವೇ ನೋಡಿದ ವಿಡಿಯೊ. ಅವನಿಗೆ ಶೌರ್ಯ ಪ್ರಶಸ್ತಿ ಬಂತು. ಅವನಿಗೆ ಅದು ಸಾಧ್ಯವಾದದ್ದು ನೀರಿನ ಪರಿಚಯ ಇದ್ದುದರಿಂದ. ಹೊಳೆ ಸೇತುವೆಯ ಮೇಲೆ ಹತ್ತಿದ ದಿನ ರಕ್ಷಣಾ ಪಡೆಯವರ ರಬ್ಬರ್ ದೋಣಿ ಬರುವ ತನಕದ ಹೊತ್ತನ್ನು ನಿಭಾಯಿಸುವವರು ಊರಿನ ಅಂಬಿಗರು, ಮೀನುಗಾರರು. ಆ ಕೈಗಳು ಈಗ ಎಪ್ಪತ್ತರ ಮೇಲಿನವು. ತಾತನ ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ಮೊಮ್ಮಗ ನನ್ನ ಕ್ಲಾಸಿನಲ್ಲಿ ಸಿ ಪ್ರೋಗ್ರಾಂ ಬರೆಯುತ್ತಾನೆ.

ಮಾನ್ವಿಯ ಕಡೆ ಕತೆ ಬೇರೆ. ರಾಜೋಳಿಬಂಡಾ ಅಣೆಕಟ್ಟಿನ ಸುತ್ತ ಒಂದಿಷ್ಟು ನೀರು ನಿಲ್ಲುತ್ತದೆ ಎನ್ನುವುದು ಬಿಟ್ಟರೆ ಬೇಸಿಗೆಯಲ್ಲಿ ತುಂಗಭದ್ರೆ ಬರೀ ಮರಳು. ‘ನಮ್ಮ ಹೊಳ್ಯಾಗ ತೆಪ್ಪಕ್ಕಿಂತ ಟ್ರ್ಯಾಕ್ಟರ್ ಚಲೋ ಓಡ್ತಾವ’ ಎಂದು ನಮ್ಮ ಗುಂಪಿನ ಮಾನ್ವಿಯವಳು ನಗಾಡುತ್ತಾಳೆ. ಅದೇ ಹೊಳೆ 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ದಂಡೆಯ ಊರುಗಳನ್ನು ನಿದ್ದೆಗೆಡಿಸಿತು. ವರ್ಷದಲ್ಲಿ ಎಂಟು ತಿಂಗಳು ನೀರೇ ಕಾಣದ ಮಕ್ಕಳಿಗೆ ಒಮ್ಮೆಲೇ ನೀರು ಬಂದರೆ ಏನು ಮಾಡಬೇಕು ಎಂದು ಯಾರು ಹೇಳಿಕೊಡಬೇಕು?

ಬೇರೆ ಕಡೆ ಹೇಗೆ ಮಾಡಿದ್ದಾರೆ ಎಂದು ಹುಡುಕಿದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ನಮ್ಮ ತೆಪ್ಪದ ತಮ್ಮನಂಥ ಸಣ್ಣ ದೋಣಿ ಇದೆ, ಹೆಸರು ಕೊರಕಲ್, ಒಬ್ಬರೇ ಬೆನ್ನ ಮೇಲೆ ಹೊತ್ತು ನಡೆಯಬಹುದು. ಟೈವಿ ನದಿಯಲ್ಲಿ ಮೀನು ಹಿಡಿಯುವವರ ದೋಣಿ. ಮೀನುಗಾರಿಕೆ ಇಳಿಮುಖವಾದರೂ ದೋಣಿ ಸಾಯಲಿಲ್ಲ. ಅದಕ್ಕೊಂದು ಸಂಘ ಇದೆ, ಕಟ್ಟುವುದನ್ನು ಕಲಿಸುತ್ತಾರೆ, ಕಿಲ್‌ಗೆರನ್ ಎಂಬ ಊರಿನಲ್ಲಿ ರೇಸ್ ನಡೆಯುತ್ತದೆ. ಕೆನಾರ್ಥ್‌ನಲ್ಲಿ ಕೊರಕಲ್‌ಗಳ ಮ್ಯೂಸಿಯಂ ಇದೆ, ಅಲ್ಲಿ ಭಾರತದ ತೆಪ್ಪವೂ ಇದೆ. ನಮ್ಮ ತೆಪ್ಪ ನೋಡಲು ವೇಲ್ಸ್‌ಗೆ ಹೋಗಬೇಕು ಎಂದರೆ ತಾತ ನಂಬಲಿಲ್ಲ. ಹತ್ತಿರದಲ್ಲೇ ಕೇರಳ ಇದೆ. ಅಲ್ಲಿನ ಕುಟ್ಟನಾಡಿನಲ್ಲಿ ಊರಿಗೊಂದು ಬೋಟ್ ಕ್ಲಬ್. 1952ರಲ್ಲಿ ನೆಹರೂ ಬಂದಾಗ ನಡೆದ ಸ್ಪರ್ಧೆ ಇಂದು ನೆಹರೂ ಟ್ರೋಫಿ. ದೋಣಿ ಯಾರೊಬ್ಬರದ್ದೂ ಅಲ್ಲ, ಊರಿನದ್ದು. ನಮ್ಮಲ್ಲೂ ಹಂಪಿ ಉತ್ಸವದಲ್ಲಿ ಹರಿಗೋಲು ಸ್ಪರ್ಧೆ ಇರುತ್ತದೆ. ರಾಯಚೂರಿಗೆ ಒಂದು ದಿನವೂ ಹುಡುಕಬೇಕಿಲ್ಲ. ಪ್ರತಿ ಜನವರಿ 21ರಂದು ಅಂಬಿಗರ ಚೌಡಯ್ಯನವರ ಜಯಂತಿ. ಮೆರವಣಿಗೆ ಆಗುತ್ತದೆ, ಭಾಷಣ ಆಗುತ್ತದೆ. ಹನ್ನೆರಡನೇ ಶತಮಾನದಲ್ಲಿ ಹುಟ್ಟು ಹಾಕುತ್ತಲೇ ವಚನ ಕಟ್ಟಿದ ಶರಣನ ಹೆಸರಿನ ದಿನ ಒಂದು ತೆಪ್ಪ ನೀರಿಗಿಳಿದದ್ದನ್ನು ನಾನಂತೂ ನೋಡಿಲ್ಲ. ಜನವರಿಯಲ್ಲಿ ಪ್ರವಾಹದ ಭಯವೂ ಇರುವುದಿಲ್ಲ.

‘ಇದರಿಂದ ನೌಕರಿ ಸಿಗುತ್ತದಾ?’ ಈ ಪುಟ ಓದುವವರ ಪ್ರಶ್ನೆ ಅದೇ ಎಂದು ಗೊತ್ತು, ನನ್ನ ಅಪ್ಪನ ಪ್ರಶ್ನೆಯೂ ಅದೇ. ನೇರವಾಗಿ ಸಿಗುವುದಿಲ್ಲ. ಆದರೆ ದತ್ತು ಭೋಕನಳ್ ಹೆಸರು ಕೇಳಿದ್ದೀರಾ? ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರಪೀಡಿತ ಹಳ್ಳಿಯ ಹುಡುಗ, ಅಪ್ಪನ ಜೊತೆ ಬಾವಿ ತೋಡುತ್ತಿದ್ದವನು. ಸೈನ್ಯ ಸೇರಿದ ಮೇಲೆ ಪುಣೆಯಲ್ಲಿ ಮೊದಲ ಸಲ ರೋಯಿಂಗ್ ಕಲಿತು 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ, 2018ರ ಏಷ್ಯನ್ ಗೇಮ್ಸ್‌ನಲ್ಲಿ ತಂಡದ ಜೊತೆ ಚಿನ್ನ ಗೆದ್ದ. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಎಂಇಜಿಯವರು ಹುಟ್ಟು ಹಾಕುತ್ತಾರೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಜಲಸಾಹಸ ತರಬೇತಿ ಕೊಡುತ್ತದೆ. ತೆಪ್ಪಕ್ಕೂ ರೇಸಿಂಗ್ ದೋಣಿಗೂ ಆಕಾಶ ಭೂಮಿ ವ್ಯತ್ಯಾಸ, ಒಪ್ಪುತ್ತೇನೆ. ಆದರೆ ನೀರಿನ ಭಯ ಹೋಗಲು ಒಂದು ಮೊದಲ ದೋಣಿ ಬೇಕಲ್ಲ.

ಕಾಗದಪತ್ರದ ದಾರಿಯೂ ಪೂರ್ತಿ ಮುಚ್ಚಿಲ್ಲ. 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳಿಗೂ ಒಂದು ಅಧ್ಯಾಯ ಇಟ್ಟಿದೆ. ಅವುಗಳ ನೋಂದಣಿ, ಸುರಕ್ಷತೆಯನ್ನು ಸ್ಥಳೀಯ ಆಡಳಿತದ ಮಟ್ಟದಲ್ಲಿ ನೋಡಿಕೊಳ್ಳಲು ಅವಕಾಶ ಇದೆ. ನಾವು ಒಂದು ಕಚೇರಿಗೆ ಅರ್ಜಿ ಹಿಡಿದು ಹೋದೆವು. ಅಲ್ಲಿದ್ದವರು ಓದಿ, ‘ಇದು ನಮ್ಮ ವಿಭಾಗಕ್ಕ ಬರಂಗಿಲ್ಲ’ ಎಂದು ಇನ್ನೊಂದು ಕಚೇರಿಗೆ ಕಳಿಸಿದರು. ಅವರು ಮೊದಲನೆಯದಕ್ಕೇ ವಾಪಸ್ ಕಳಿಸಿದರು. ತೆಪ್ಪದ ಗುಣ ಕಚೇರಿಗಳಿಗೂ ಇದೆ. ಅರ್ಜಿಯ ಝೆರಾಕ್ಸ್ ಇದೆ, ಪರೀಕ್ಷೆ ಮುಗಿದ ಮೇಲೆ ಮತ್ತೆ ಹೋಗುತ್ತೇವೆ.

ಈಗ ನಮ್ಮ ಗುಂಪಿಗೆ ಒಂದಿಷ್ಟು ಕಟ್ಟುಪಾಡುಗಳಿವೆ. ಬೆಳಿಗ್ಗೆ ಪೇಪರಿನಲ್ಲಿ ಜಲಾಶಯದ ಹೊರಹರಿವು ನೋಡದೆ ಬಸ್ ಹತ್ತುವಂತಿಲ್ಲ. ಮಳೆಗಾಲದಲ್ಲಿ ನೀರಿಗಿಳಿಯುವ ಮಾತೇ ಇಲ್ಲ, ಆಗ ದಂಡೆಯ ಮೇಲೆ ಕೂತು ದಬ್ಬೆ ಹೆಣೆಯುವುದು. ಆರು ಮಂದಿ ದುಡ್ಡು ಹಾಕಿ ನಮ್ಮದೇ ತೆಪ್ಪಕ್ಕೆ ಬಿದಿರು ತಂದಿದ್ದೇವೆ. ಎಲ್ಲ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಮೊಬೈಲಿನಷ್ಟು ಖರ್ಚು. ತಳ ಹೆಣೆದಾಗಿದೆ, ಬಳೆ ಕಟ್ಟುವುದು ಬಾಕಿ. ಅಂಚಿನ ಒಳಗೆ ಕೆಂಪು ಬಣ್ಣದಲ್ಲಿ ‘10’ ಎಂದು ಬರೆಯಬೇಕು ಎಂಬುದು ನಡುಗಡ್ಡೆಯ ಜೂನಿಯರ್‌ಳ ಸಲಹೆ. ಅವಳು ಗುಂಪಿಗೆ ಸೇರಿಲ್ಲ. ಸಲಹೆ ಮಾತ್ರ ಕೊಡುತ್ತಾಳೆ, ಅದೂ ಜಗಳ ಆಡಿದ ಹಾಗೆ.

ದೊಡ್ಡ ಕೆಲಸ ಇನ್ನೊಂದಿದೆ. ಹೊಳೆ ದಂಡೆಯ ತಾಲ್ಲೂಕಿನಲ್ಲಿ ಹುಟ್ಟಿದ ನನಗೆ ಈಜು ಬರುವುದಿಲ್ಲ. ನನ್ನ ಅಣ್ಣನಿಗೆ ಬರುತ್ತದೆ, ಚಿಕ್ಕಪ್ಪನ ಹುಡುಗರಿಗೆಲ್ಲ ಬರುತ್ತದೆ. ಅವರು ಚಡ್ಡಿಯಲ್ಲಿ ಬಾವಿಗೆ ಧುಮುಕುವಾಗ ನಾವು ಮೆಟ್ಟಿಲ ಮೇಲೆ ಬಟ್ಟೆ ಕಾಯುತ್ತಿದ್ದೆವು. ತೆಪ್ಪ ಮಗುಚಿದಾಗ ಸೀರೆ ಉಟ್ಟು, ಈಜು ಬರದೆ ಒಳಗೆ ಹೋಗುವವರು ಯಾರು ಎಂದು ಯೋಚಿಸಿ ನೋಡಿ. ಆದ್ದರಿಂದ ತಿಂಗಳಿಂದ ಮಾನ್ವಿಯ ಗೆಳತಿಯ ಹೊಲದ ಬಾವಿಯಲ್ಲಿ ನಮ್ಮಿಬ್ಬರ ಪಾಠ ನಡೆದಿದೆ. ಕಲಿಸುವವರು ಅವಳ ಅತ್ತೆ. ಊರಿನಲ್ಲಿ ಈಜು ಬರುವ ಒಬ್ಬಳೇ ಹೆಂಗಸು. ಚೂಡಿದಾರದ ಮೇಲೇ ಇಳಿಯುತ್ತೇವೆ. ಬೆನ್ನಿಗೆ ಐದು ಲೀಟರಿನ ಎರಡು ಖಾಲಿ ಎಣ್ಣೆ ಕ್ಯಾನ್ ಕಟ್ಟುತ್ತಾರೆ. ಹೋದ ಭಾನುವಾರ ಒಂದು ಕ್ಯಾನ್ ಬಿಚ್ಚಿದರು. ಒಂದೇ ಕ್ಯಾನಿನಲ್ಲಿ ಬಾವಿಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟಿದೆ, ಅರ್ಧ ಬಾವಿ ನೀರು ಕುಡಿದು.